ಹೆಟ್ಟಿಯ ಎಡಗಿವಿ

ಸೋಮವಾರ ಬೆಳಿಗ್ಗೆ ಏಳೂವರೆಗೆ ಪಕ್ಕದ ಮನೆಯವರು ಕಾರು ತೆಗೆದುಕೊಂಡು ಕೆಲಸಕ್ಕೆ ಹೊರಟರು. ಶನಿವಾರ ಸ್ಮಶಾನದಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತವರು ಅವರೇ. ಇವತ್ತು ಕಿಟಕಿಯಿಂದ ಕೈ ಬೀಸಿದರು, ಅಷ್ಟೆ. ತಪ್ಪೇನಿಲ್ಲ. ಭಾನುವಾರ ಯಾರು ಬೇಕಾದರೂ ದುಃಖಪಡಬಹುದು. ಸೋಮವಾರ ಎಲ್ಲರಿಗೂ ಕೆಲಸವಿರುತ್ತದೆ.

ನಾನು ಕಾಫಿ ಮಾಡಿದೆ. ಕುಡಿದೆ. ಎರಡು ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿದೆ. ಕಲಕಲು ಮರದ ಸೌಟು ಹುಡುಕಿದರೆ ಸಿಗಲಿಲ್ಲ.

ಆ ಸೌಟು ಒಂದು ವಾರದಿಂದ ಕಾಣುತ್ತಿಲ್ಲ. ಅದಕ್ಕೂ ಮುಂಚಿನ ಶುಕ್ರವಾರ ನಾನು ಫ್ರೆಸ್ನೊಗೆ, ಅಮ್ಮನ ಮನೆಗೆ ಹೋಗಿದ್ದೆ. ಭಾನುವಾರ ರಾತ್ರಿ ವಾಪಸ್ ಬಂದೆ. ಸೋಮವಾರ ನನ್ನ ಗಂಡ ಆರಿನ್ ಸತ್ತ. ಆಮೇಲೆ ಸೌಟಿನ ಬಗ್ಗೆ ಯಾರೂ ಯೋಚಿಸಲಿಲ್ಲ.

ಈಗ ಯೋಚಿಸಿದೆ. ಮೊಟ್ಟೆ ಬೇಡವೆನಿಸಿತು. ಸೌಟು ಬೇಕೆನಿಸಿತು.

ಅಡುಗೆಮನೆಯ ಖಾನೆಗಳನ್ನೆಲ್ಲ ಹೊರಗೆಳೆದು ನೋಡಿದೆ. ಸೋಫಾದ ಕೆಳಗೆ ನೋಡಿದೆ. ಅಲ್ಲಿ ವೆರಾಳ ಒಂದು ಪೆನ್ಸಿಲ್ ಬಿದ್ದಿತ್ತು. ವೆರಾ ನನ್ನ ಗೆಳತಿ, ಆರಿನ್ ಕೆಲಸ ಮಾಡುತ್ತಿದ್ದ ಸಿನಿಮಾ ಸ್ಟುಡಿಯೋದವಳೇ. ಆರಿನ್ ಸತ್ತ ದಿನದಿಂದ ನಿನ್ನೆ ರಾತ್ರಿಯವರೆಗೂ ಆ ಸೋಫಾದ ಮೇಲೆಯೇ ಮಲಗಿದ್ದಳು. ಹೊರಡುವ ಮುಂಚೆ ಒಂದು ಪಾತ್ರೆ ಸಾರು ಮಾಡಿಟ್ಟು, ಕೋಟು ಹಾಕಿಕೊಳ್ಳುತ್ತಾ ಕೇಳಿದ್ದಳು: "ಲೀ, ಸ್ಟುಡಿಯೋದ್ದು ಏನಾದರೂ ಆರಿನ್ ಮನೇಲಿ ಇಟ್ಟಿದ್ದಾನಾ? ಇದ್ದರೆ ಹೇಳೇ, ನಾನೇ ತಲುಪಿಸ್ತೀನಿ. ನಿನಗ್ಯಾಕೆ ಆ ಗೇಟಿನ ಮುಖ ನೋಡೋ ಕಷ್ಟ."

ಏನೂ ಇಲ್ಲ ಎಂದಿದ್ದೆ. ನನಗೆ ತಿಳಿದ ಮಟ್ಟಿಗೆ ಅದು ನಿಜವಾಗಿತ್ತು.

ಕೊನೆಗೆ ಆರಿನ್‌ನ ಬಟ್ಟೆ ಕಪಾಟು ತೆರೆದೆ. ಚಳಿಗಾಲದ ಕೋಟಿನ ಹಿಂದೆ, ಗೋಡೆಗೆ ಒರಗಿಸಿ, ನಮ್ಮ ಹಾಸಿಗೆಯ ಚಾದರದಲ್ಲಿ ಸುತ್ತಿದ ಏನೋ ಒಂದು ನಿಂತಿತ್ತು. ನನ್ನ ಎತ್ತರಕ್ಕಿತ್ತು. ಎಳೆದಾಗ ಮೆತ್ತಗೆ ಬಾಗಿ ನನ್ನ ಭುಜದ ಮೇಲೆ ಬಿತ್ತು.

ಚಾದರ ಬಿಚ್ಚಿದೆ. ಕ್ಯಾನ್ವಾಸಿನ ಮೇಲೆ ರಬ್ಬರು, ರಬ್ಬರಿನ ಮೇಲೆ ಬೂದುಬಣ್ಣ, ನರಗಳಂತೆ ಬರೆದ ಗೆರೆಗಳು, ಒಂದು ಅಂಚಿನುದ್ದಕ್ಕೂ ದಾರ ಪೋಣಿಸಲು ತೂತುಗಳು. ಆನೆಯ ಕಿವಿ.

ಅದರ ಮಡಿಕೆಯೊಳಗೆ ನನ್ನ ಸೌಟು ಇತ್ತು. ತಲೆಗೆ ಆರಿನ್‌ನ ಕಾಲುಚೀಲ ಸುತ್ತಿ ದಾರ ಬಿಗಿದಿತ್ತು.

ತೂತಿಗೆ ಕಟ್ಟಿದ ಚೀಟಿಯಲ್ಲಿ ಅವನ ಕೈಬರಹ: "ಹೆಟ್ಟಿ. ಎಡಗಿವಿ. ಎರವಲು ತಂದದ್ದು ಶುಕ್ರವಾರ. ಸೋಮವಾರ ಯೋಸ್ಟ್‌ಗೆ ವಾಪಸ್."

ನಾನು ಹಾಸಿಗೆಯ ಅಂಚಿನಲ್ಲಿ ಕುಳಿತು ಆ ಚೀಟಿಯನ್ನು ಮೂರು ಸಲ ಓದಿದೆ. ಆಮೇಲೆ ಸ್ಟುಡಿಯೋದವರು ಕಳಿಸಿದ್ದ ಲಕೋಟೆ ತಂದು ಪಕ್ಕದಲ್ಲಿಟ್ಟುಕೊಂಡು ಅದನ್ನೂ ಮತ್ತೆ ಓದಿದೆ.

ಬ್ರಿಸ್ಟೋ ಸ್ಟುಡಿಯೋದ ಐದನೇ ನಂಬರ್ ಷೆಡ್ಡಿನಲ್ಲಿ, 'ಹಸಿರು ಡೋಲು' ಎಂಬ ಕಾಡಿನ ಚಿತ್ರಕ್ಕಾಗಿ ಎಬ್ಬಿಸಿದ ಕಾಡಿನೊಳಗೆ, ಧ್ವನಿಗ್ರಾಹಕ ಆರಿನ್ ಪ್ರೂಯಿಟ್ ಮೈಕಿನ ಅಟ್ಟಣೆಯಿಂದ ಬಿದ್ದು ಸತ್ತದ್ದು ಹೇಗೆ ಎಂಬ ವರದಿ ಅದು. ವರದಿಯ ಪ್ರಕಾರ ಕೊಂದದ್ದು ಹೆಟ್ಟಿ.

"ಊಟದ ವಿರಾಮದಲ್ಲಿ ಸದರಿ ಆನೆಗೆ ಕಟ್ಟಿದ್ದ ಎಡಗಿವಿಯು ಸಡಿಲಗೊಂಡು ಕಣ್ಣಿನ ಮೇಲೆ ಬಿದ್ದ ಕಾರಣ, ಆನೆಯು ಬೆದರಿ ಎಡಕ್ಕೆ ತಿರುಗಿ ಅಟ್ಟಣೆಗೆ ಡಿಕ್ಕಿ ಹೊಡೆದಿರುತ್ತದೆ. ಕ್ಯಾಮೆರಾದ ಬಳಿಯಿಂದ ಇದನ್ನು ಕಣ್ಣಾರೆ ಕಂಡ ಒಬ್ಬರ ಹೇಳಿಕೆಯನ್ನು ಆಧರಿಸಿ ಈ ವರದಿ ಸಿದ್ಧಪಡಿಸಲಾಗಿದೆ. ಹರಿದುಹೋದ ಎಡಗಿವಿಯನ್ನು ವಿಲೇವಾರಿ ಮಾಡಲಾಗಿದೆ."

ಕೆಳಗೆ ಎರಡು ಸಹಿ. ಒಂದು ಮ್ಯಾನೇಜರ್ ಕ್ರಾಫ್ಟ್ಸ್‌ನದು. ಅವನು ಆ ಹೊತ್ತಿನಲ್ಲಿ ತನ್ನ ಕಚೇರಿಯಲ್ಲಿದ್ದ. ಇನ್ನೊಂದು ಮಾವುತ ಯೋಸ್ಟ್‌ನದು.

ಜೊತೆಗೆ ನನಗೊಂದು ಪ್ರತ್ಯೇಕ ಪತ್ರ: "ತಮ್ಮ ಮನಸ್ಸಿನ ಸಮಾಧಾನಕ್ಕಾಗಿ, ಸದರಿ ಪ್ರಾಣಿಯನ್ನು ಬುಧವಾರ ಬೆಳಿಗ್ಗೆ ಆರು ಗಂಟೆಗೆ ಗುಂಡಿಕ್ಕಿ ಕೊಲ್ಲಲಾಗುವುದೆಂದು ತಿಳಿಸಲು ವಿಷಾದಿಸುತ್ತೇವೆ."

ವಿಲೇವಾರಿಯಾದ ಎಡಗಿವಿ ನನ್ನ ಹಾಸಿಗೆಯ ಮೇಲೆ ಮಲಗಿತ್ತು. ಎಲ್ಲೂ ಹರಿದಿರಲಿಲ್ಲ.

ಹೆಟ್ಟಿಗೆ ಯಾಕೆ ಸುಳ್ಳು ಕಿವಿ ಎಂದರೆ, ಅವಳು ಏಷ್ಯಾದ ಆನೆ. ಚಿತ್ರದ ಕಾಡು ಆಫ್ರಿಕದ್ದು. ಆಫ್ರಿಕದ ಆನೆಗಳ ಕಿವಿ ದೊಡ್ಡದು. ಅವು ಹೇಳಿದ ಮಾತು ಕೇಳುವುದಿಲ್ಲ, ಹೆಟ್ಟಿ ಕೇಳುತ್ತಾಳೆ. ಹಾಗಾಗಿ ಅವಳಿಗೆ ಕಿವಿ ಹೊಲಿಸಿದರು.

ನಾನು ಬರ್ಕ್ಲಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಚಿತ್ರ ಶುರುವಾದಾಗಲೇ ಆರಿನ್‌ಗೆ ಹೇಳಿದ್ದೆ: ಬೆನ್ನು ನೋಡಿದರೆ ಗೊತ್ತಾಗುತ್ತದೆ, ಕಿವಿಗೆ ಯಾರೂ ಮೋಸಹೋಗುವುದಿಲ್ಲ. ಅವನು ಹೇಳಿದ್ದ: "ಬೆನ್ನಿನ ಮೇಲೆ ನಾಯಕ ಕೂತಿರ್ತಾನೆ ಲೀ. ಬರೀ ಚಿರತೆ ಚರ್ಮ ಸುತ್ಕೊಂಡು. ಯಾರು ಆನೆ ಬೆನ್ನು ನೋಡ್ತಾರೆ?"

ಕಾಡಿನ ದೃಶ್ಯಗಳಿಗೆಲ್ಲ ಅವನು ಒಂದು ನಗುವ ಹಕ್ಕಿಯ ಕೂಗು ಹಾಕುತ್ತಿದ್ದ. ಅದು ಆಸ್ಟ್ರೇಲಿಯದ್ದು ಎಂದೆ. "ಆಫ್ರಿಕದವರು ದೂರು ಕೊಡಲಿ, ತೆಗೀತೀನಿ," ಎಂದ.

ಅವನಿಗೆ ಸಿಗದೇ ಕಾಡುತ್ತಿದ್ದದ್ದು ಡೋಲಿನ ಸದ್ದು. ಚಿತ್ರದ ಹೆಸರೇ ಡೋಲು. ಆದರೆ ಸ್ಟುಡಿಯೋದವರು ಮಾಡಿಸಿದ ಡೋಲು ಬಿಸ್ಕತ್ತಿನ ಡಬ್ಬಿ ಬಡಿದಂತೆ ಸದ್ದು ಮಾಡುತ್ತಿತ್ತು. ಎರಡು ತಿಂಗಳು ಅವನು ನಮ್ಮ ಮನೆಯಲ್ಲಿ ಎಲ್ಲವನ್ನೂ ಬಡಿದು ನೋಡಿದ್ದ. ದಿಂಬು, ಸ್ನಾನದ ತೊಟ್ಟಿ, ಕಂಬಳಿ ಹೊದಿಸಿದ ಬಾಗಿಲು, ಒಮ್ಮೆ ನನ್ನ ಬೆನ್ನು. ನಾನು ಫ್ರೆಸ್ನೊದಿಂದ ಬಂದ ರಾತ್ರಿ ದೀಪ ಆರಿಸುವಾಗ ಹೇಳಿದ್ದ: "ನಾಳೆ ಸಂಜೆ ನಿನಗೊಂದು ಸದ್ದು ಕೇಳಿಸ್ತೀನಿ."

ಕಿವಿಯನ್ನು ಬಾಗಿಲಿಗೆ ನೇತುಹಾಕಿ ಕಾಲುಚೀಲ ಸುತ್ತಿದ ಸೌಟಿನಿಂದ ಒಂದು ಸಲ ಹೊಡೆದೆ.

ಸದ್ದು ಚೆನ್ನಾಗಿತ್ತು.

ಆರಿನ್‌ನ ಕೋಟು ಹಾಕಿಕೊಂಡೆ. ಕಿವಿಯನ್ನು ಸೌಟಿನ ಸಮೇತ ಮತ್ತೆ ಚಾದರದಲ್ಲಿ ಸುತ್ತಿದೆ. ಒಂದು ವಾರ ತಡವಾಗಿತ್ತು, ಆದರೆ ಇವತ್ತೂ ಸೋಮವಾರವೇ.

*

ಟ್ರಾಮಿನ ಕಂಡಕ್ಟರ್ ನನ್ನನ್ನು ನೋಡಲಿಲ್ಲ. ಚಾದರವನ್ನು ನೋಡಿದ.

"ಇದೇನಮ್ಮಾ ಇದು?"

"ಕಿವಿ."

ಅವನು ಅಂಚು ಎತ್ತಿ ಇಣುಕಿದ. "ಉಳಿದದ್ದು ಮುಂದಿನ ಗಾಡೀಲಿ ಬರ್ತದಾ?"

"ಉಳಿದದ್ದು ಅಲ್ಲೇ ಇದೆ. ಬ್ರಿಸ್ಟೋದಲ್ಲಿ."

"ಓ, ಸಿನಿಮಾದವರಾ. ಮೊದಲೇ ಹೇಳಬಾರದಾ." ಅವನಿಗೆ ಸಮಾಧಾನವಾಯಿತು. "ಹೋದ ತಿಂಗಳು ಒಬ್ಬ ತಲೆ ತಂದಿದ್ದ. ಮನುಷ್ಯಂದು. ಪಕ್ಕದ ಸೀಟಲ್ಲಿ ಕೂರಿಸಿಕೊಂಡು, ಬಿದ್ದೀತು ಅಂತ ಕೈ ಬೇರೆ ಹಿಡ್ಕೊಂಡಿದ್ದ."

"ಅದಕ್ಕೆ ಟಿಕೆಟ್ ತಗೊಂಡ್ರಾ?"

"ಮತ್ತೆ? ಸೀಟು ಹಿಡಿದಿತ್ತಲ್ಲ. ನಿಮ್ದು ನಿಂತಿದೆ, ಬಿಡಿ."

ಹಿಂದಿನ ಸೀಟಿನ ಹೆಂಗಸೊಬ್ಬಳು ಯಾವ ಚಿತ್ರ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು, ಮರುಕ್ಷಣ ಪತ್ರಿಕೆಯಲ್ಲಿ ಓದಿದ್ದು ನೆನಪಾಯಿತೇನೋ, ತಗ್ಗಿದ ಧ್ವನಿಯಲ್ಲಿ, "ಆ ರಾಕ್ಷಸಿ ಆನೆ ಇರೋದು ಅದರಲ್ಲೇ ಅಲ್ವಾ?" ಎಂದಳು.

"ಆನೆ ಅದರಲ್ಲೇ ಇದೆ," ಎಂದೆ.

ಸ್ಟುಡಿಯೋದ ಗೇಟಿನಲ್ಲಿ ಕಾವಲಿನವನು ಟೋಪಿ ತೆಗೆದ. ಏನೂ ಕೇಳದೆ ಒಳಗೆ ಬಿಟ್ಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಅವನು ಫೋನು ಎತ್ತಿಕೊಂಡಿದ್ದ.

ಐದನೇ ಷೆಡ್ಡಿನ ಹೊರಗೆ ಕಾಡು ಬಿಸಿಲು ಕಾಯುತ್ತಿತ್ತು. ಒಳಗಿನ ದೀಪಗಳಲ್ಲಿ ಬಾಡಿದ ಗಿಡಗಳನ್ನು ವಾರಕ್ಕೊಮ್ಮೆ ಕುಂಡದ ಸಮೇತ ಹೊರಗಿಡುತ್ತಾರೆ. ಅವುಗಳ ನಡುವೆ ರಬ್ಬರಿನ ಮೊಸಳೆ ಬಾಯಿ ತೆರೆದುಕೊಂಡು ಒಣಗುತ್ತಿತ್ತು. ಅದರ ಬೆನ್ನಿನ ಮೇಲೆ ಕುಳಿತು ನಾಯಕ, ಚಿರತೆ ಚರ್ಮದ ಮೇಲೆ ಉಣ್ಣೆಯ ನಿಲುವಂಗಿ ಹಾಕಿಕೊಂಡು, ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಏನಾದರೂ ಹೇಳಬೇಕೆಂದುಕೊಂಡ. ಸೀನು ಬಂತು. ಕ್ಷಮೆ ಕೇಳಿ ಮತ್ತೆ ಕುಳಿತ.

ಆರಿನ್‌ಗೆ ಈ ಜಾಗ ಯಾಕೆ ಅಷ್ಟು ಇಷ್ಟವಾಗಿತ್ತೆಂದು ನನಗೆ ಗೊತ್ತು. ಇಲ್ಲಿ ಯಾವುದೂ ನಿಜವಲ್ಲ, ಆದರೆ ಎಲ್ಲರೂ ಅದಕ್ಕೆ ನೀರು ಹಾಕುತ್ತಾರೆ.

*

ಆನೆಯ ಕೊಟ್ಟಿಗೆ ಸ್ಟುಡಿಯೋದ ಹಿಂಬದಿಯಲ್ಲಿದೆ. ಬಾಗಿಲು ತೆರೆದಿತ್ತು. ಯೋಸ್ಟ್ ಒಂದು ಹಳೆಯ ಪೆಟ್ಟಿಗೆಗೆ ಬಕೆಟ್ಟು, ಕುಂಚ, ಮಡಿಸಿದ ಕಂಬಳಿ ತುಂಬುತ್ತಿದ್ದ. ಅರವತ್ತು ದಾಟಿದ ಕುಳ್ಳ ಮನುಷ್ಯ. ಒಂಬತ್ತನೇ ವಯಸ್ಸಿನಲ್ಲಿ ಹಾಲೆಂಡಿನಿಂದ ಒಂದು ಸರ್ಕಸ್ಸಿನ ಜೊತೆ ಹಡಗು ಹತ್ತಿ ಬಂದವನು. ಹೆಟ್ಟಿಯ ಜೊತೆ ಇಪ್ಪತ್ತಾರು ವರ್ಷದಿಂದ ಇದ್ದಾನೆ.

"ಬಂದೆಯಾ ಮಗಳೇ," ಎಂದ. "ಊಟ ಮಾಡ್ತಿದೀಯಾ? ಮಾಡ್ತಿಲ್ಲ. ಮುಖ ನೋಡಿದರೆ ಗೊತ್ತಾಗ್ತದೆ. ಹೆಟ್ಟಿನೂ ಮೂರು ದಿನ ಮುಟ್ಟಲಿಲ್ಲ. ನಾನು ಬೈದೆ, ತಿಂದಳು. ನಿನಗೆ ಬೈಯೋರು ಯಾರಿದಾರೆ?"

ಹೆಟ್ಟಿ ಸೊಂಡಿಲು ಚಾಚಿ ನನ್ನ ಕೋಟನ್ನು ಮೂಸಿದಳು. ಕಾಲರಿನಿಂದ ಕೆಳಗಿಳಿದು ಜೇಬಿನೊಳಗೆ ತೂರಿಸಿ, ಕಪ್ಪು ಜ್ಯೇಷ್ಠಮಧುವಿನ ಮಿಠಾಯಿಯ ಒಂದು ತುಂಡು ಹೊರತೆಗೆದಳು. ಅದು ಅಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಅವಳು ಅದನ್ನು ತಿನ್ನಲಿಲ್ಲ. ಹಾಗೇ ಹಿಡಿದುಕೊಂಡು ನಿಂತಳು.

"ಎಲ್ಲಿಗೆ ಗಂಟು ಕಟ್ತಿದೀರಿ?" ಎಂದು ಕೇಳಿದೆ.

"ಗೊತ್ತಿಲ್ವಾ? ಬುಧವಾರ ಬೆಳಿಗ್ಗೆ ಆರಕ್ಕೆ ಲಾರಿ ಬರ್ತದೆ. ಸ್ಯಾನ್ ಡಿಯೇಗೊ ಕಡೆ ಯಾರೋ ಪುಣ್ಯಾತ್ಮನ ತೋಟವಂತೆ. ಮರ ಇದೆಯಂತೆ. ನಿಜವಾದ ಮರ." ಅವನು ಕಂಬಳಿ ತಟ್ಟಿದ. "ಕೆರೆಯೂ ಇದೆಯಂತೆ. ಈ ಮುದುಕಿ ಸಿನಿಮಾ ಬಿಟ್ಟು ಈಜ್ತಾಳೆ. ನಾನು ದಡದಲ್ಲಿ ಕೂತು ಬೈತೀನಿ."

ನಾನು ಹೇಳಲು ಬಂದದ್ದೇ ಬೇರೆ. ದಾರಿಯುದ್ದಕ್ಕೂ ಅದನ್ನು ಜೋಡಿಸಿಕೊಂಡು ಬಂದಿದ್ದೆ. ಎಡಗಿವಿ ಕೊಟ್ಟವನು ಯೋಸ್ಟ್. ಆ ಸೋಮವಾರ ಹೆಟ್ಟಿಯ ತಲೆಗೆ ಕಿವಿ ಕಟ್ಟಿದವನು ಯೋಸ್ಟ್. ಎಡಗಿವಿ ಅಲ್ಲಿರಲಿಲ್ಲವೆಂದು ಈ ಲೋಕದಲ್ಲಿ ಆರಿನ್ ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತು. ಹಾಗಿದ್ದೂ ವರದಿಗೆ ಸಹಿ ಹಾಕಿದ್ದಾನೆ.

"ಯೋಸ್ಟ್," ಎಂದೆ. "ನೀವು ಯಾಕೆ ಸುಳ್ಳು ಹೇಳಿದ್ರಿ?"

ಅವನ ಕೈ ನಿಂತಿತು. "ಯಾವ ಸುಳ್ಳು?"

"ಇದು. ನಿಮ್ಮ ಸಹಿ ಇದೆ."

ವರದಿಯನ್ನು ಅವನ ಕೈಗಿಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ. ತಲೆ ಆಡಿಸುತ್ತಾ ನೋಡಿದ. ಓದುವವರ ಕಣ್ಣು ಸಾಲಿನ ಮೇಲೆ ಓಡುತ್ತದೆ. ಅವನ ಕಣ್ಣು ಹಾಳೆಯ ನಡುವೆ ನಿಂತಿತ್ತು, ಫೋಟೋ ನೋಡುವವರ ಹಾಗೆ.

"ಸರಿಯಾಗೇ ಇದೆಯಲ್ಲ," ಎಂದ.

"ಏನು ಸರಿಯಾಗಿದೆ?"

"ಎಲ್ಲ." ಹಾಳೆಯನ್ನು ಜೋಪಾನವಾಗಿ ಮಡಿಸಿ ವಾಪಸ್ ಕೊಟ್ಟ. "ಕನ್ನಡಕ ಮನೇಲಿ ಬಿಟ್ಟು ಬಂದೆ. ಆದರೂ ಸರಿಯಾಗಿದೆ."

ಯೋಸ್ಟ್ ಕನ್ನಡಕ ಹಾಕಿದ್ದನ್ನು ನಾನು ಯಾವತ್ತೂ ನೋಡಿಲ್ಲ.

ಆಗ ನೆನಪಾಯಿತು. ದಿನಾ ಬೆಳಿಗ್ಗೆ ಆರಿನ್ ತನ್ನ ಕೆಲಸಕ್ಕೆ ಹೋಗುವ ಮುಂಚೆ ಈ ಕೊಟ್ಟಿಗೆಗೆ ಬಂದು, ಆ ದಿನದ ಶೂಟಿಂಗಿನ ಪಟ್ಟಿಯನ್ನು ಆನೆಗೆ ಓದಿ ಹೇಳುತ್ತಿದ್ದ. ಯಾವ ದೃಶ್ಯ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಕ್ಯಾಮೆರಾ, ಎಲ್ಲ ಗಟ್ಟಿಯಾಗಿ. ಸ್ಟುಡಿಯೋದವರೆಲ್ಲ ನಗುತ್ತಿದ್ದರು. ಮನೆಯಲ್ಲಿ ನಾನೂ ನಗುತ್ತಿದ್ದೆ. "ಅವಳು ಕಲಾವಿದೆ ಲೀ, ಅವಳಿಗೂ ಗೊತ್ತಿರಬೇಕಲ್ಲ," ಎನ್ನುತ್ತಿದ್ದ. ಆನೆಯ ಪಕ್ಕದಲ್ಲಿ ಯೋಸ್ಟ್ ಹುಲ್ಲು ಹಾಕುತ್ತಾ, ಕೇಳಿಸಿಕೊಳ್ಳದವನ ಹಾಗೆ ನಿಂತಿರುತ್ತಿದ್ದನಂತೆ.

ಮೂರು ವರ್ಷ ಆರಿನ್ ಆನೆಗೆ ಓದಿ ಹೇಳಿದ. ಯಾಕೆಂದು ನನಗೂ ಹೇಳಲಿಲ್ಲ.

ನಾನು ಹಾಳೆ ಬಿಡಿಸಿಕೊಂಡು ಹೆಟ್ಟಿಯ ಮುಂದೆ ನಿಂತೆ.

"ಹೆಟ್ಟಿ, ಕೇಳು," ಎಂದೆ.

ವರದಿಯನ್ನು ಪೂರ್ತಿ ಓದಿದೆ. ನನಗೆ ಬಂದ ಪತ್ರವನ್ನೂ ಓದಿದೆ. ಬುಧವಾರ ಬೆಳಿಗ್ಗೆ ಆರು ಗಂಟೆ ಎಂಬಲ್ಲಿ ಧ್ವನಿ ಇಳಿಸಲಿಲ್ಲ, ಗುಂಡಿಕ್ಕಿ ಎಂಬಲ್ಲೂ ಇಳಿಸಲಿಲ್ಲ. ಹೆಟ್ಟಿ ತನ್ನ ಚಿಕ್ಕ, ನಿಜವಾದ ಕಿವಿಗಳನ್ನು ಬೀಸುತ್ತಾ ಕೇಳಿದಳು.

ಓದಿ ಮುಗಿಸಿ ತಿರುಗಿದೆ. ಯೋಸ್ಟ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ.

"ಇನ್ನೊಂದ್ಸಲ ಓದು ಮಗಳೇ," ಎಂದ. "ಅವಳಿಗೆ ಸರಿಯಾಗಿ ಕೇಳಿಸಲಿಲ್ಲ."

ಓದಿದೆ.

"ಲಾರಿ ಇಲ್ಲ," ಎಂದ.

"ಇಲ್ಲ."

"ಕೆರೆ?"

ನಾನು ಪತ್ರ ಮಡಿಸಿದೆ. ಅವನು ಪೆಟ್ಟಿಗೆಯಿಂದ ಕಂಬಳಿ ತೆಗೆದು ಮಡಿಲಲ್ಲಿಟ್ಟುಕೊಂಡ. ಅದರ ಅಂಚನ್ನು ನೇರ ಮಾಡಿದ.

"ನಾನು ಐದು ನಿಮಿಷ ನೀರು ತರೋಕೆ ಹೋಗಿದ್ದೆ," ಎಂದ. "ಅವಳ ಮುಂಗಾಲಿಗೆ ಸರಪಳಿ ಹಾಕೇ ಹೋಗಿದ್ದೆ. ವಾಪಸ್ ಬಂದಾಗ ಆರಿನ್ ಕೆಳಗಿದ್ದ. ಇವಳು ಅವನ ಮೇಲೆ ನಿಂತಿದ್ದಳು, ನಾಲ್ಕು ಕಾಲಿನ ನಡುವೆ ಅವನನ್ನ ಇಟ್ಕೊಂಡು. ಯಾರನ್ನೂ ಹತ್ರ ಬಿಡಲಿಲ್ಲ. ಕೊಂದು ಕಾವಲು ಕಾಯ್ತಾಳೆ ಅಂದರು ಎಲ್ಲರೂ. ಕೊಂದವರು ಹಾಗೆ ನಿಲ್ಲಲ್ಲ ಮಗಳೇ. ನಾನು ಆನೆ ನೋಡಿದೀನಿ."

"ಎಡಗಿವಿ ಬಿಚ್ಚಿ ಯಾವಾಗ ಕೊಟ್ರಿ?"

"ಶುಕ್ರವಾರ. ಡೋಲಿಗೆ ಬೇಕು ಅಂದ. ತಗೊಂಡು ಹೋಗು ಅಂದೆ." ಅವನು ಮೂಗು ಒರೆಸಿಕೊಂಡ. "ಸೋಮವಾರ ಎಲ್ಲ ಶಾಟೂ ಬಲಗಡೆಯಿಂದ ಅಂತ ಅವನೇ ಓದಿ... ಅವನೇ ಇವಳಿಗೆ ಹೇಳಿದ್ದ. ಬಲಗಿವಿ ಒಂದಿದ್ದರೆ ಸಾಕು. ಕ್ಯಾಮೆರಾ ಕಡೆ ಅರ್ಧ ಆಫ್ರಿಕ, ಈ ಕಡೆ ಅರ್ಧ ನಮ್ಮ ಹೆಟ್ಟಿ. ಅವಳಿಗೂ ಹಗುರ. ಮಂಗಳವಾರ ಎಡಗಡೆ ಶಾಟು ಇತ್ತು, ಅದಕ್ಕೇ ಸೋಮವಾರ ವಾಪಸ್ ಬೇಕಿತ್ತು. ಅವತ್ತು ಬೆಳಿಗ್ಗೆ ಮರೆತು ಬಂದೆ, ಸಂಜೆ ಮನೆಗೆ ಹೋಗಿ ತರ್ತೀನಿ ಅಂದ." ನನ್ನ ಚಾದರದ ಕಡೆ ನೋಡಿದ. "ಆಮೇಲೆ ನಿನ್ನನ್ನ ಕೇಳೋಕೆ ಮನಸ್ಸಾಗಲಿಲ್ಲ."

ಆ ಎಡಗಡೆಯನ್ನು ನಾನು ಕಣ್ಣಮುಂದೆ ತಂದುಕೊಂಡೆ. ಒಂದು ಕಡೆ ಕ್ಯಾಮೆರಾ, ದೀಪ, ಕುರ್ಚಿಗಳು. ನಡುವೆ ಆನೆ. ಅವಳ ಮರೆಯಲ್ಲಿ, ಚಿತ್ರಕ್ಕೆ ಬೇಡದವರು ನಿಲ್ಲುವ ಕಡೆ, ಯೋಸ್ಟ್ ಮತ್ತು ಆರಿನ್‌ನ ಅಟ್ಟಣೆ. ಕ್ಯಾಮೆರಾದ ಬಳಿ ನಿಂತವರಿಗೆ ಹೆಟ್ಟಿಯ ಬಲಗಿವಿ ಕಾಣುತ್ತದೆ. ಒಂದು ಕಿವಿ ಕಂಡರೆ ಇನ್ನೊಂದೂ ಇದೆ ಎಂದುಕೊಳ್ಳುತ್ತಾರೆ. ನಾವೆಲ್ಲ ಚಿತ್ರಮಂದಿರದಲ್ಲಿ ಕುಳಿತು ಮಾಡುವುದೂ ಅದನ್ನೇ.

ಅಟ್ಟಣೆ ಎಡಕ್ಕಿತ್ತು. ಹಾಗಾಗಿ ಆನೆ ಎಡಕ್ಕೆ ತಿರುಗಬೇಕು. ತಿರುಗಲು ಕಾರಣ ಬೇಕು. ಕಾರಣಕ್ಕೆ ಎಡಗಿವಿ ಬೇಕು. ಇದನ್ನು ಕಟ್ಟಿದವರು ಆ ದಿನ ಕ್ಯಾಮೆರಾದ ಕಡೆ ಇದ್ದವರು. ಆನೆಯ ಈಚೆ ಬದಿಯನ್ನು ನೋಡಿಯೇ ಇಲ್ಲದವರು.

"ಯೋಸ್ಟ್, ಈ ಕಾಗದದಲ್ಲಿ ಏನಿದೆ ಅಂತ ನಿಮಗೆ ಓದಿ ಹೇಳಿದ್ದು ಯಾರು?"

ಅವನು ಉತ್ತರಿಸುವ ಮುಂಚೆ ಕಂಬಳಿಯ ಕಡೆ ಕಣ್ಣು ತಗ್ಗಿಸಿದ. ನಾಚಿಕೆಯಿಂದ ಎಂದುಕೊಂಡೆ. ಆಮೇಲೆ ತಿಳಿಯಿತು, ನನ್ನ ಮೇಲಿನ ಮರುಕದಿಂದ.

"ವೆರಾ," ಎಂದ. "ಒಳ್ಳೆ ಹುಡುಗಿ. ಅವಳೇ ಟೈಪು ಮಾಡ್ಕೊಂಡು ತಂದಳು. ಹೆಟ್ಟಿದೇನೂ ತಪ್ಪಿಲ್ಲ ಅಂತ ಬರೆದಿದೆ, ಲಾರಿ ಬರ್ತದೆ, ಇಲ್ಲೊಂದು ಸಹಿ ಹಾಕಿ ಅಂದಳು. ಕ್ರಾಫ್ಟ್ಸ್ ಸಾಹೇಬರು ಹೇಳಿದಾರೆ ಅಂದಳು. ಹೇಳ್ತಾ ಹೇಳ್ತಾ ಅಳ್ತಿದ್ದಳು, ಪಾಪ."

ವೆರಾ ಬ್ರಿಸ್ಟೋದಲ್ಲಿ ಮಾಡುವುದು ನೆನಪಿಟ್ಟುಕೊಳ್ಳುವ ಕೆಲಸ. ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಕುಳಿತು ಪ್ರತಿ ಶಾಟಿನ ವಿವರ ಬರೆದುಕೊಳ್ಳುತ್ತಾಳೆ. ಈಟಿ ಯಾವ ಕೈಯಲ್ಲಿತ್ತು, ಕೂದಲು ಯಾವ ಕಡೆ ಬಿದ್ದಿತ್ತು, ಹಣೆಯ ಗಾಯ ಎಡಕ್ಕೋ ಬಲಕ್ಕೋ. ಹದಿನಾಲ್ಕು ಚಿತ್ರಗಳಲ್ಲಿ ಅವಳು ಒಂದೂ ತಪ್ಪು ಮಾಡಿಲ್ಲ. ಎಡ ಬಲ ಗೊಂದಲವಾಗುವ ಹೆಂಗಸಲ್ಲ.

ಒಮ್ಮೆ ನಮ್ಮ ಊಟದ ಮೇಜಿನಲ್ಲಿ ಆರಿನ್ ಅವಳನ್ನು ಕೆಣಕಿದ್ದ: ಅಷ್ಟೆಲ್ಲ ನೆನಪಿರೋಳಿಗೆ, ನಾನು ಇವತ್ತು ಯಾವ ಬಣ್ಣದ ಅಂಗಿ ಹಾಕಿದ್ದೆ ಹೇಳು ನೋಡೋಣ. ವೆರಾ ನಗುತ್ತಾ ಹೇಳಿದ್ದಳು: "ನೀನು ಕ್ಯಾಮೆರಾ ಮುಂದೆ ಬರ್ತೀಯೇನೋ? ಕ್ಯಾಮೆರಾಗೆ ಕಾಣದ್ದು ನನಗೂ ಕಾಣಲ್ಲಪ್ಪ. ಕಂಡರೆ ತಲೆ ಕೆಡುತ್ತೆ."

ನಾವು ಮೂವರೂ ನಕ್ಕಿದ್ದೆವು.

ಕೊಟ್ಟಿಗೆಯ ಹೊರಗೆ ಜಲ್ಲಿಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಹೆಟ್ಟಿ ಮೊದಲು ಕೇಳಿಸಿಕೊಂಡಳು. ಮಿಠಾಯಿಯ ತುಂಡನ್ನು ಕೆಳಗೆ ಬಿಟ್ಟಳು.

"ಇಲ್ಲಿದೀಯಾ," ಎಂದಳು ವೆರಾ. ಓಡಿ ಬಂದದ್ದರಿಂದ ಏದುಸಿರು ಬಿಡುತ್ತಿದ್ದಳು. ತುರುಬಿನಲ್ಲಿ ಎಂದಿನಂತೆ ಪೆನ್ಸಿಲ್ ಸಿಕ್ಕಿಸಿತ್ತು, ಕಂಕುಳಲ್ಲಿ ಅವಳ ಪುಸ್ತಕ. "ಗೇಟಿನವರು ಫೋನ್ ಮಾಡಿದ್ರು, ನೀನು ಏನೋ ಹೊತ್ಕೊಂಡು ಬಂದಿದೀಯ ಅಂತ. ಯಾಕೇ ಲೀ? ನಾನು ಹೇಳಿರಲಿಲ್ವಾ, ನಾನೇ ತಲುಪಿಸ್ತೀನಿ ಅಂತ. ಸಾರು ಕುಡಿದೆಯಾ?"

"ಇನ್ನೂ ಇಲ್ಲ."

"ಕುಡಿದಿರಲ್ಲ, ನನಗೆ ಗೊತ್ತಿತ್ತು." ಅವಳು ನನ್ನ ಕೋಟಿನ ಮೇಲಿನ ಗುಂಡಿ ಹಾಕಿದಳು. ಅವಳ ಬೆರಳು ಬೆಚ್ಚಗಿದ್ದವು. ಒಂದು ವಾರ ಅದೇ ಬೆರಳುಗಳು ನನ್ನ ತಲೆ ಬಾಚಿದ್ದವು. "ಕೊಡು ಇಲ್ಲಿ. ಏನದು?"

ನಾನು ಚಾದರ ಬಿಟ್ಟೆ. ಅದು ನೆಲಕ್ಕೆ ಜಾರಿತು.

"ಓ," ಎಂದಳು ವೆರಾ. "ಕಿವಿ." ಅಭ್ಯಾಸಬಲದಿಂದ ಪುಸ್ತಕ ತೆರೆದಳು, ತುರುಬಿನಿಂದ ಪೆನ್ಸಿಲ್ ತೆಗೆದಳು. "ಯಾವ ಕಡೆದು?"

"ಎಡಗಿವಿ," ಎಂದೆ.

ಪೆನ್ಸಿಲ್ ಹಾಳೆಯ ಮೇಲೆ ನಿಂತಿತು.

"ಹರಿದಿಲ್ಲ, ನೋಡು. ಆರಿನ್ ಸಾಯೋಕೆ ಮೂರು ದಿನ ಮುಂಚೆಯಿಂದ ನಮ್ಮ ಕಪಾಟಿನಲ್ಲಿತ್ತು. ನೀನು ಮಲಗಿದ್ದ ಸೋಫಾದಿಂದ ಹತ್ತು ಹೆಜ್ಜೆ."

ವೆರಾ ಹೆಟ್ಟಿಯ ಕಡೆ ನೋಡಿದಳು. ಅವಳು ನಿಂತಿದ್ದದ್ದು ಆನೆಯ ಬಲಕ್ಕೆ. ನಿಧಾನವಾಗಿ ನಾಲ್ಕು ಹೆಜ್ಜೆ ನಡೆದು, ಮುಂದಿನಿಂದ ಬಳಸಿ, ಎಡಗಡೆಗೆ ಬಂದು ನಿಂತಳು. ಅಲ್ಲಿ ಹೆಟ್ಟಿಯ ಸ್ವಂತ ಕಿವಿ ಮಾತ್ರ ಇತ್ತು. ಅಂಚಿನಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಿರುವ ಚಿಕ್ಕ ಕಿವಿ. ಅದನ್ನು ಅವಳು ತುಂಬ ಹೊತ್ತು ನೋಡಿದಳು. ಇಡೀ ಚಿತ್ರದಲ್ಲಿ ಮೊದಲ ಸಲ ಎನ್ನುವಂತೆ.

"ಹುಡುಗೀ," ಎಂದ ಯೋಸ್ಟ್, ಬಕೆಟ್ಟಿನ ಮೇಲಿಂದಲೇ. "ಲಾರಿ ಬರ್ತದಾ?"

ಅವಳು ಬಾಗಿಲಿಗೆ ಹೋದಳು. ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಹೊರಗೆ ಒಮ್ಮೆ ಇಣುಕಿ, ಬಾಗಿಲು ಎಳೆದು, ಒಳಗಿನಿಂದ ಚಿಲಕ ಹಾಕಿದಳು.

"ಅದನ್ನ ನನಗೆ ಕೊಡು ಲೀ," ಎಂದಳು. ಅದು ಸೋಫಾದ ಮೇಲೆ ಮಲಗಿದ್ದವಳ ಧ್ವನಿಯಲ್ಲ. "ಈಗಲೇ ಕೊಡು. ಗೇಟಿನವನು ಫೋನ್ ಮಾಡಿದ್ದು ನನಗೊಬ್ಬಳಿಗೇ ಅಲ್ಲ. ಅವರು ಎಂಥವರು ಅಂತ ನಿನಗೆ ಗೊತ್ತಿಲ್ಲ."

"ಯಾರು?"

ಅವಳು ಕೈ ಚಾಚಿಯೇ ನಿಂತಿದ್ದಳು. ಆ ಕೈ ನನ್ನಿಂದ ಏನನ್ನು ಕಾಪಾಡಲು ಬಂದಿತ್ತೋ, ನನ್ನನ್ನು ಯಾರಿಂದ ಕಾಪಾಡಲು ಬಂದಿತ್ತೋ, ನನಗೆ ಹೇಳಲಾಗಲಿಲ್ಲ. ಹೊರಗೆ, ದೂರದಲ್ಲಿ, ಜಲ್ಲಿಯ ಮೇಲೆ ಮತ್ತೊಬ್ಬರ ಹೆಜ್ಜೆ ಕೇಳಿಸಿತು. ಅವಸರವಿಲ್ಲದ ಹೆಜ್ಜೆ.

ನಾನು ಚೀಟಿಯನ್ನು ಇನ್ನೊಮ್ಮೆ ಓದಿಕೊಂಡೆ. ಅದರಲ್ಲಿ ವೆರಾಳ ಹೆಸರಿರಲಿಲ್ಲ.

ಕಿವಿಯ ಮಡಿಕೆಯಿಂದ ಸೌಟನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ; ಅದು ನನ್ನದು. ಕಿವಿಯನ್ನು ಎರಡೂ ಕೈಯಲ್ಲಿ ಎತ್ತಿ, ಅವಳಿಗೆ ಬೆನ್ನು ಹಾಕಿ, ಬಕೆಟ್ಟಿನ ಮೇಲೆ ಕುಳಿತ ಮುದುಕನ ಬಳಿಗೆ ಹೋದೆ.

"ಯೋಸ್ಟ್, ಆರಿನ್ ಎರವಲು ತಂದಿದ್ದ," ಎಂದೆ. "ಒಂದು ವಾರ ತಡವಾಯ್ತು."

ಅವನು ಎದ್ದು ನಿಂತು ಅದನ್ನು ತೆಗೆದುಕೊಂಡ.